ಬ್ರೌಸರಿನ ಲೆಕ್ಕ, ಸರ್ವರಿನ ಲೆಕ್ಕ: ಪೈಸೆಯ ವ್ಯತ್ಯಾಸಕ್ಕೆ ಕಾರಣಗಳು ಮತ್ತು ಪರಿಹಾರಗಳು

ಸಂಘ ಸಂಸ್ಥೆಗಳ ಕೆಲಸ ಈಗ ಬಹುಮಟ್ಟಿಗೆ ಜಾಲತಾಣದ ಮೂಲಕವೇ ನಡೆಯುತ್ತಿದೆ. ಸದಸ್ಯತ್ವ ಶುಲ್ಕ, ಕಾರ್ಯಕ್ರಮದ ಟಿಕೆಟ್, ಊಟದ ಕೂಪನ್, ಪುಸ್ತಕ ಮಾರಾಟ, ದೇಣಿಗೆ ಎಲ್ಲವೂ ಮೊಬೈಲಿನ ಪರದೆಯ ಮೇಲೆಯೇ ಮುಗಿಯುತ್ತವೆ. ಇಂಥ ಪುಟಗಳನ್ನು ಹೆಚ್ಚಾಗಿ ನೋಡಿಕೊಳ್ಳುವವರು ಬೇರೆ ಉದ್ಯೋಗದಲ್ಲಿದ್ದುಕೊಂಡು ಬಿಡುವಿನ ವೇಳೆಯಲ್ಲಿ ದುಡಿಯುವ ನಮ್ಮ ಯುವ ಸ್ವಯಂಸೇವಕರು. ಅವರಿಗೂ, ವರ್ಷದ ಕೊನೆಗೆ ಲೆಕ್ಕಪತ್ರ ಮಂಡಿಸಬೇಕಾದ ಕೋಶಾಧಿಕಾರಿಗಳಿಗೂ ಉಪಯೋಗವಾಗಲೆಂದು ಈ ಲೇಖನ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಕಿರುಪುಸ್ತಿಕೆಯೊಂದರ ಬೆಲೆ ₹19.99. ಕೊಳ್ಳುವವರ ಮೊಬೈಲಿನಲ್ಲಿ ಮೊತ್ತ 1999 ಪೈಸೆ ಎಂದು ಲೆಕ್ಕವಾಯಿತು. ಅದೇ ಬೆಲೆಯನ್ನು ಸರ್ವರ್ 1998 ಪೈಸೆ ಎಂದು ಲೆಕ್ಕ ಹಾಕಿತು. ಎರಡೂ ತಾಳೆಯಾಗಲಿಲ್ಲವೆಂದು ಪಾವತಿ ತಿರಸ್ಕೃತವಾಯಿತು. ಇಲ್ಲವೇ ಪಾವತಿ ಆಯಿತು, ಆದರೆ ಬ್ಯಾಂಕಿನ ಪಟ್ಟಿಗೂ ಸಂಘದ ಪುಸ್ತಕಕ್ಕೂ ಒಂದೊಂದು ಪೈಸೆಯ ಅಂತರ ಉಳಿಯಿತು. ಪೈಸೆ ದೊಡ್ಡದಲ್ಲ. ಆದರೆ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಂತು ಈ ವ್ಯತ್ಯಾಸ ಏಕೆ ಬಂತು ಎಂದು ಕೇಳಿದಾಗ ಉತ್ತರವಿಲ್ಲದಿದ್ದರೆ ಹೋಗುವುದು ಪೈಸೆಯಲ್ಲ, ವಿಶ್ವಾಸ. ಇದರಲ್ಲಿ ಯಾರ ಅಪ್ರಾಮಾಣಿಕತೆಯೂ ಇಲ್ಲ. ಗಣಕಯಂತ್ರ ಸಂಖ್ಯೆಗಳನ್ನು ಇಟ್ಟುಕೊಳ್ಳುವ ರೀತಿಯಲ್ಲೇ ಕಾರಣವಿದೆ.

ಒಂದು ಲೆಕ್ಕ, ಇಬ್ಬರು ಲೆಕ್ಕಿಗರು

ಜಾಲಪುಟದಲ್ಲಿ ಲೆಕ್ಕ ಎರಡು ಕಡೆ ನಡೆಯುತ್ತದೆ. ಬಳಕೆದಾರರ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿರುವ ಬ್ರೌಸರ್ ಒಬ್ಬ ಲೆಕ್ಕಿಗ. ಅದರ ಭಾಷೆ ಜಾವಾಸ್ಕ್ರಿಪ್ಟ್. ದೂರದಲ್ಲೆಲ್ಲೋ ಇರುವ ಸರ್ವರ್ ಇನ್ನೊಬ್ಬ ಲೆಕ್ಕಿಗ. ಅದರ ಭಾಷೆ ಪಿಎಚ್‌ಪಿ, ಪೈಥಾನ್, ಜಾವಾ, ಸಿ ಶಾರ್ಪ್, ಗೋ ಹೀಗೆ ಯಾವುದೂ ಇರಬಹುದು. ಸರ್ವರಿನ ಹಿಂದೆ ದತ್ತಸಂಚಯ, ಅಂದರೆ ಡೇಟಾಬೇಸ್ ಎಂಬ ಮೂರನೆಯವನೂ ಇರುತ್ತಾನೆ. ಬಳಕೆದಾರರು ಎರಡು ಟಿಕೆಟ್ ಆರಿಸಿದ ಕೂಡಲೇ ಮೊತ್ತ ಕಾಣಬೇಕೆಂದು ಬ್ರೌಸರಿನಲ್ಲಿ ಒಮ್ಮೆ ಕೂಡುತ್ತೇವೆ. ಬ್ರೌಸರಿನ ಮಾತನ್ನು ನಂಬಿ ಹಣ ಪಡೆಯುವಂತಿಲ್ಲವಾದ್ದರಿಂದ ಸರ್ವರಿನಲ್ಲಿ ಇನ್ನೊಮ್ಮೆ ಕೂಡುತ್ತೇವೆ. ಎರಡು ಬಾರಿ ಕೂಡುವುದು ತಪ್ಪಲ್ಲ. ಎರಡೂ ಕಡೆ ಒಂದೇ ನಿಯಮ ಇಲ್ಲದಿರುವುದು ತಪ್ಪು.

ಮೂಲ ಕಾರಣ: ವೀಸದ ಅಳತೆಯಲ್ಲಿ ದಶಮಾಂಶ

ನಮ್ಮ ಹಿರಿಯರ ಲೆಕ್ಕದಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಎಂಬ ಭಾಗಗಳಿದ್ದವು. ಅರ್ಧದ ಅರ್ಧ ಕಾಲು, ಕಾಲಿನ ಅರ್ಧ ಅರೆಕಾಲು, ಅದರ ಅರ್ಧ ವೀಸ, ಅಂದರೆ ಹದಿನಾರನೇ ಒಂದು ಭಾಗ. ಗಣಕಯಂತ್ರ ಭಿನ್ನರಾಶಿಗಳನ್ನು ಇಟ್ಟುಕೊಳ್ಳುವುದು ಇದೇ ಪದ್ಧತಿಯಲ್ಲಿ. ಅದಕ್ಕೆ ಗೊತ್ತಿರುವುದು ಎರಡರಿಂದ ಭಾಗಿಸುತ್ತಾ ಹೋಗುವುದು ಮಾತ್ರ.

ಈಗ ಹತ್ತನೇ ಒಂದು ಭಾಗವನ್ನು, ಅಂದರೆ 0.1 ಅನ್ನು, ಈ ಅಳತೆಗಳಿಂದ ತುಂಬಿಸಲು ನೋಡಿ. ಒಂದು ವೀಸ ಹಾಕಿದರೆ 0.0625. ಅರೆವೀಸ ಸೇರಿಸಿದರೆ 0.09375. ಮುಂದಿನ ಎರಡು ಅಳತೆಗಳು ಹಿಡಿಸುವುದಿಲ್ಲ. ಆಮೇಲೆ 256ನೇ ಒಂದು ಭಾಗ ಸೇರಿಸಿದರೆ 0.09765625, 512ನೇ ಒಂದು ಭಾಗ ಸೇರಿಸಿದರೆ 0.099609375. ಹೀಗೆ ಎಷ್ಟು ದೂರ ಹೋದರೂ 0.1ರ ಹತ್ತಿರ ಹೋಗುತ್ತೇವೆಯೇ ಹೊರತು ಸರಿಯಾಗಿ ಮುಟ್ಟುವುದಿಲ್ಲ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ 0.3333 ಎಂದು ಮುಗಿಯದೆ ಬರೆಯುವ ಹಾಗೆಯೇ ಇದು.

ಗಣಕದಲ್ಲಿ ಜಾಗ ಸೀಮಿತ. ಎಲ್ಲೋ ಒಂದು ಕಡೆ ನಿಲ್ಲಿಸಿ ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. ನಾವು 0.1 ಎಂದು ಬರೆದಾಗ ಅದು ನಿಜವಾಗಿ ಇಟ್ಟುಕೊಳ್ಳುವುದು 0.10000000000000000555 ರಷ್ಟನ್ನು. ಆದ್ದರಿಂದಲೇ 0.1 ಮತ್ತು 0.2 ಕೂಡಿದರೆ ಜಾವಾಸ್ಕ್ರಿಪ್ಟಿನಲ್ಲಿ 0.30000000000000004 ಎಂಬ ಉತ್ತರ ಬರುತ್ತದೆ. ಪೈಥಾನಿನಲ್ಲೂ ಅದೇ ಉತ್ತರ. ಇದು ದೋಷವಲ್ಲ, ಪದ್ಧತಿಯ ಮಿತಿ.

ಒಂದು ರೂಪಾಯಿಯೊಳಗೆ ಸೊನ್ನೆಯಿಂದ 99ರವರೆಗೆ ನೂರು ಪೈಸೆ ಮೊತ್ತಗಳಿವೆ. ಅವುಗಳಲ್ಲಿ ಗಣಕಕ್ಕೆ ನಿಖರವಾಗಿ ಇಟ್ಟುಕೊಳ್ಳಲು ಆಗುವುದು ನಾಲ್ಕನ್ನು ಮಾತ್ರ: 0, 25, 50 ಮತ್ತು 75 ಪೈಸೆ. ಉಳಿದ 96 ಮೊತ್ತಗಳು ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ ಆಗಿರುತ್ತವೆ. ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ ನಾಲ್ಕು ಪೈಸೆ. ಒಂದಾಣೆ ಎಂದರೆ ರೂಪಾಯಿಯ ವೀಸ. ಆ ಆಣೆ ಲೆಕ್ಕ ಇಂದಿನ ಗಣಕಕ್ಕೆ ಸರಾಗವಾಗಿ ಒಗ್ಗುತ್ತಿತ್ತು. ನಮಗೆ ಸುಲಭವಾದ ನೂರು ಪೈಸೆಯ ಲೆಕ್ಕವೇ ಅದಕ್ಕೆ ಕಷ್ಟ.

ಮಾನಕ ಒಂದೇ, ಆದರೂ ವ್ಯತ್ಯಾಸ

ಈ ಬಗೆಯ ಸಂಖ್ಯೆಗಳಿಗೆ ಫ್ಲೋಟಿಂಗ್ ಪಾಯಿಂಟ್ ಎಂದು ಹೆಸರು. ಬಿಂದು ಒಂದೇ ಕಡೆ ನಿಲ್ಲದೆ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಸರಿಯುತ್ತದೆ ಎಂಬುದು ಹೆಸರಿನ ಅರ್ಥ. ಒಂದು ಕಾಲದಲ್ಲಿ ಪ್ರತಿ ಕಂಪನಿಯ ಯಂತ್ರ ತನ್ನದೇ ರೀತಿಯಲ್ಲಿ ಇವನ್ನು ಇಟ್ಟುಕೊಳ್ಳುತ್ತಿತ್ತು. 1985ರಲ್ಲಿ ಐಇಇಇ 754 ಎಂಬ ಮಾನಕ ಬಂದಿತು. 2008 ಮತ್ತು 2019ರಲ್ಲಿ ಅದು ಪರಿಷ್ಕೃತವಾಯಿತು. ಇದರ ಹಿಂದೆ ಮುಖ್ಯವಾಗಿ ದುಡಿದ ಗಣಿತಜ್ಞ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಈ ಮಾನಕದ 64 ಬಿಟ್ಟಿನ ರೂಪವನ್ನು ಡಬಲ್ ಎನ್ನುತ್ತಾರೆ. ಒಂದು ಬಿಟ್ ಚಿಹ್ನೆಗೆ, 11 ಬಿಟ್ ಘಾತಕ್ಕೆ, 52 ಬಿಟ್ ಭಿನ್ನಭಾಗಕ್ಕೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳೆಲ್ಲವೂ ಡಬಲ್. ಸರ್ವರಿನ ಭಾಷೆಗಳಲ್ಲೂ ಡಬಲ್ ಇದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಈ ನಾಲ್ಕಕ್ಕೂ ಒಂದೇ ಉತ್ತರ ಬರಬೇಕೆಂದು ಮಾನಕ ಹೇಳುತ್ತದೆ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ? ಅದು ಈ ನಾಲ್ಕು ಕ್ರಿಯೆಗಳ ಸುತ್ತಮುತ್ತ ನಡೆಯುವ ಬೇರೆ ಕೆಲಸಗಳಿಂದ. ಅವನ್ನು ಒಂದೊಂದಾಗಿ ನೋಡೋಣ.

ವ್ಯತ್ಯಾಸ ಹುಟ್ಟುವ ಜಾಗಗಳು

1. ಕತ್ತರಿಸುವುದು ಮತ್ತು ರೌಂಡ್ ಮಾಡುವುದು

ಮೊದಲು ಹೇಳಿದ ₹19.99ರ ಕಥೆ ಇದೇ. 19.99 ಅನ್ನು 100ರಿಂದ ಗುಣಿಸಿದರೆ ಡಬಲ್ ಲೆಕ್ಕದಲ್ಲಿ 1998.9999999999998 ಬರುತ್ತದೆ. ಬ್ರೌಸರಿನಲ್ಲಿ ಮ್ಯಾಥ್ ರೌಂಡ್ ಬಳಸಿದವರಿಗೆ 1999 ಸಿಗುತ್ತದೆ. ಸರ್ವರಿನಲ್ಲಿ ಪೈಥಾನ್ ಅಥವಾ ಪಿಎಚ್‌ಪಿಯ ಇಂಟ್ ಬಳಸಿದವರಿಗೆ ಬಿಂದುವಿನ ನಂತರದ ಭಾಗ ಕತ್ತರಿಸಿಹೋಗಿ 1998 ಸಿಗುತ್ತದೆ. 4.35 ಅನ್ನು ನೂರರಿಂದ ಗುಣಿಸಿದರೂ 434.99999999999994 ಬರುತ್ತದೆ. ಇಂಥ ಬೆಲೆಗಳು ಕೆಲವೇ ಆದ್ದರಿಂದ ಪರೀಕ್ಷೆ ಮಾಡುವಾಗ ಎಲ್ಲವೂ ಸರಿಯಾಗಿ ಕಂಡು, ಕಾರ್ಯಕ್ರಮದ ದಿನ ತೊಂದರೆ ಬರುತ್ತದೆ.

2. ಸರಿ ಅರ್ಧ ಬಂದಾಗ ಎತ್ತ?

₹50ರ ಕೂಪನ್‌ಗೆ ಶೇಕಡ 5 ತೆರಿಗೆ ₹2.50. ಈ ಸಂಖ್ಯೆ ಗಣಕದಲ್ಲಿ ನಿಖರವಾಗಿಯೇ ಇದೆ. ಇದನ್ನು ರೂಪಾಯಿಗೆ ರೌಂಡ್ ಮಾಡಿ ಎಂದರೆ ಜಾವಾಸ್ಕ್ರಿಪ್ಟ್, ಜಾವಾ, ಪಿಎಚ್‌ಪಿ ಮತ್ತು ಗೋ 3 ಎನ್ನುತ್ತವೆ. ಪೈಥಾನ್ ಮತ್ತು ಸಿ ಶಾರ್ಪ್ 2 ಎನ್ನುತ್ತವೆ. ಅವೆರಡೂ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಯನ್ನು ಹಿಡಿಯುತ್ತವೆ. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಎಂಬ ಹೆಸರಿದೆ. ಸದಾ ಮೇಲಕ್ಕೇ ಏರಿಸಿದರೆ ದೊಡ್ಡ ಮೊತ್ತದಲ್ಲಿ ಏರಿಕೆ ಸೇರುತ್ತಾ ಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ.

₹70ಕ್ಕೆ ತೆರಿಗೆ ₹3.50 ಆದಾಗ ಎಲ್ಲರೂ 4 ಎನ್ನುತ್ತಾರೆ. ₹90ಕ್ಕೆ ₹4.50 ಆದಾಗ ಮತ್ತೆ 5 ಮತ್ತು 4 ಎಂದು ಜಗಳ. ಹಣ ವಾಪಸು ಕೊಡುವಾಗ ಮೈನಸ್ ಸಂಖ್ಯೆ ಬಂದರೆ ಇನ್ನೊಂದು ಗೊಂದಲ: −2.5 ಅನ್ನು ಜಾವಾಸ್ಕ್ರಿಪ್ಟ್ ಮತ್ತು ಜಾವಾ −2 ಮಾಡುತ್ತವೆ, ಪಿಎಚ್‌ಪಿ ಮತ್ತು ಗೋ −3 ಮಾಡುತ್ತವೆ.

ತೆರಿಗೆಯ ವಿಷಯದಲ್ಲಿ ಕಾನೂನಿನ ಮಾತೇ ಕೊನೆಯದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 170ನೇ ಕಲಮಿನ ಪ್ರಕಾರ ತೆರಿಗೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಬೇಕು. 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಬಿಡಬೇಕು. ಪೈಥಾನಿನ ರೌಂಡ್ ಅನ್ನು ಹಾಗೆಯೇ ಬಳಸಿದರೆ ಈ ನಿಯಮಕ್ಕೆ ತಪ್ಪುತ್ತೇವೆ.

3. ಅರ್ಧದಂತೆ ಕಾಣುವ, ಅರ್ಧವಲ್ಲದ ಸಂಖ್ಯೆ

1.005 ಅನ್ನು ಎರಡು ದಶಮಾಂಶ ಸ್ಥಾನಕ್ಕೆ ತನ್ನಿ ಎಂದರೆ ನಾವು 1.01 ಎನ್ನುತ್ತೇವೆ. ಗಣಕದಲ್ಲಿರುವುದು 1.00499999999999989ರಷ್ಟು. ಆದ್ದರಿಂದ ಜಾವಾಸ್ಕ್ರಿಪ್ಟಿನ ಟುಫಿಕ್ಸೆಡ್ 1.00 ಎನ್ನುತ್ತದೆ, ಪೈಥಾನ್ 1.0 ಎನ್ನುತ್ತದೆ. ಪಿಎಚ್‌ಪಿಯ ರೌಂಡ್ ಮಾತ್ರ ಬರೆದವರ ಉದ್ದೇಶ ಊಹಿಸಿ 1.01 ಕೊಡುತ್ತದೆ. ಪಿಎಚ್‌ಪಿ ಸರ್ವರ್ ಇದ್ದಲ್ಲಿ ಪರದೆಯ ಮೊತ್ತಕ್ಕೂ ರಸೀದಿಯ ಮೊತ್ತಕ್ಕೂ ಒಂದು ಪೈಸೆ ವ್ಯತ್ಯಾಸ ಬರಲು ಇದು ಸಾಕು.

4. ಕೂಡುವ ಕ್ರಮ

0.1ಕ್ಕೆ 0.2 ಕೂಡಿ ಆಮೇಲೆ 0.3 ಕೂಡಿದರೆ 0.6000000000000001. ಮೊದಲು 0.2 ಮತ್ತು 0.3 ಕೂಡಿ ಅದಕ್ಕೆ 0.1 ಸೇರಿಸಿದರೆ 0.6. ಬ್ರೌಸರ್ ಬಳಕೆದಾರರು ಆರಿಸಿದ ಕ್ರಮದಲ್ಲಿ ಕೂಡುತ್ತದೆ, ಡೇಟಾಬೇಸ್ ತನಗೆ ಸಿಕ್ಕ ಕ್ರಮದಲ್ಲಿ ಕೂಡುತ್ತದೆ.

ಕೂಡುವ ವಿಧಾನವೂ ಬದಲಾಗುತ್ತದೆ. 0.1 ಅನ್ನು ಹತ್ತು ಸಲ ಒಂದೊಂದಾಗಿ ಕೂಡಿದರೆ ಜಾವಾಸ್ಕ್ರಿಪ್ಟಿನಲ್ಲಿ 0.9999999999999999 ಬರುತ್ತದೆ. ಪೈಥಾನಿನ ಸಮ್ ಕೂಡ ಹಿಂದೆ ಅದನ್ನೇ ಕೊಡುತ್ತಿತ್ತು. ಪೈಥಾನ್ 3.12ರಿಂದ ಸಮ್ ಒಳಗೆ ತಪ್ಪನ್ನು ಸರಿದೂಗಿಸುವ ವಿಧಾನ ಬಂದಿದ್ದು ಈಗ 1.0 ಬರುತ್ತದೆ. ನಾವು ಒಂದು ಸಾಲೂ ಬದಲಿಸದೆ, ಸರ್ವರ್ ನವೀಕರಿಸಿದ ಮಾತ್ರಕ್ಕೆ ಉತ್ತರ ಬದಲಾಗುವುದಕ್ಕೆ ಇದು ಉದಾಹರಣೆ.

5. ದಾರಿಯಲ್ಲಿ ಆಗುವ ಬದಲಾವಣೆ

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವುದು ಬಹುತೇಕ ಜೇಸನ್ ಎಂಬ ಪಠ್ಯರೂಪದಲ್ಲಿ. ಸಂಖ್ಯೆಯನ್ನು ಅಕ್ಷರಗಳಾಗಿ ಬರೆದು ಕಳಿಸಿ, ಆ ಕಡೆ ಮತ್ತೆ ಸಂಖ್ಯೆ ಮಾಡಿಕೊಳ್ಳುತ್ತಾರೆ. ಎಷ್ಟು ಅಂಕಿ ಬರೆಯಬೇಕು ಎಂಬುದರಲ್ಲಿ ಭೇದವಿದೆ. ಪಿಎಚ್‌ಪಿ 7.1ಕ್ಕಿಂತ ಮೊದಲು ಸಾಮಾನ್ಯವಾಗಿ 14 ಅಂಕಿಗಳಿಗೆ ನಿಲ್ಲಿಸಿ ಬರೆಯುತ್ತಿತ್ತು. 0.30000000000000004 ಅಲ್ಲಿ 0.3 ಆಗಿ ಹೊರಡುತ್ತಿತ್ತು. ಈಗ ಪೂರ್ತಿ ಹೋಗುತ್ತದೆ.

ಪೈಥಾನ್ 100.0 ಎಂದು ಬರೆಯುವುದನ್ನು ಜಾವಾಸ್ಕ್ರಿಪ್ಟ್ 100 ಎಂದು ಬರೆಯುತ್ತದೆ. ಬೆಲೆ ಒಂದೇ, ಪಠ್ಯ ಬೇರೆ. ಪಾವತಿಯ ಭದ್ರತೆಗಾಗಿ ಆ ಪಠ್ಯಕ್ಕೇ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆಯಿದ್ದರೆ ಸಹಿ ತಾಳೆಯಾಗುವುದಿಲ್ಲ.

6. ದೊಡ್ಡ ಪೂರ್ಣಾಂಕಗಳು, ಸದಸ್ಯತ್ವ ಸಂಖ್ಯೆಗಳು

ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991ರವರೆಗೆ ಮಾತ್ರ ಪೂರ್ಣಾಂಕಗಳನ್ನು ಭರವಸೆಯಿಂದ ಹಿಡಿಯಬಲ್ಲದು. ಸರ್ವರ್ 9007199254740993 ಎಂದು ಕಳಿಸಿದರೆ ಬ್ರೌಸರಿನಲ್ಲಿ ಅದು 9007199254740992 ಆಗುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ರಸೀದಿ ಸಂಖ್ಯೆಯೋ ಸದಸ್ಯತ್ವ ಸಂಖ್ಯೆಯೋ ಇಷ್ಟು ದೊಡ್ಡದಿದ್ದರೆ ಒಬ್ಬರ ದಾಖಲೆ ಇನ್ನೊಬ್ಬರ ಹೆಸರಿಗೆ ತೆರೆದುಕೊಳ್ಳಬಹುದು. 2010ರಲ್ಲಿ ಟ್ವಿಟರ್ ದೊಡ್ಡ ಗುರುತು ಸಂಖ್ಯೆಗಳಿಗೆ ಬದಲಾದಾಗ ಇದೇ ಕಾರಣಕ್ಕೆ ಪ್ರತಿ ಸಂಖ್ಯೆಯನ್ನು ಪಠ್ಯರೂಪದಲ್ಲೂ ಜೊತೆಗೆ ಕೊಡಲು ಆರಂಭಿಸಿತು.

7. ಅರ್ಧ ಗಾತ್ರದ ಸಂಖ್ಯೆ

ಡೇಟಾಬೇಸಿನಲ್ಲಿ ಹಣದ ಕಲಮನ್ನು 32 ಬಿಟ್ಟಿನ ಫ್ಲೋಟ್ ಎಂದು ಇಟ್ಟವರಿದ್ದಾರೆ. ಅದರಲ್ಲಿ ₹1,31,072 ದಾಟಿದ ಮೇಲೆ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೇ ಒಂದೂವರೆ ಪೈಸೆಗಿಂತ ಹೆಚ್ಚು. ಕಟ್ಟಡ ನಿಧಿಯ ಮೊತ್ತ ಪೈಸೆಯವರೆಗೆ ಸರಿಯಾಗಿ ಉಳಿಯುವುದು ಸಾಧ್ಯವೇ ಇಲ್ಲ.

ನಕ್ಷೆಯ ಲೆಕ್ಕಕ್ಕೂ ಇದು ಅನ್ವಯ. ಕಾಸರಗೋಡು, ಸೊಲ್ಲಾಪುರ, ಆದವಾನಿ, ಹೊಸೂರು ಎಲ್ಲವೂ ಪೂರ್ವ ರೇಖಾಂಶ 74ರಿಂದ 78 ಡಿಗ್ರಿಯೊಳಗಿವೆ. ಈ ಗಾತ್ರದ ಸಂಖ್ಯೆಗಳಲ್ಲಿ 32 ಬಿಟ್ಟಿನ ಫ್ಲೋಟಿನ ಒಂದು ಹೆಜ್ಜೆ ನೆಲದ ಮೇಲೆ ಸುಮಾರು 80 ಸೆಂಟಿಮೀಟರ್. ಸಭಾಂಗಣದ ದಾರಿ ತೋರಿಸಲು ಅಡ್ಡಿಯಿಲ್ಲ, ಜಾಗದ ಗಡಿಕಲ್ಲು ಗುರುತಿಸಲು ಸಾಲದು.

8. ಸೈನ್, ಕೊಸೈನ್, ಘಾತ

ನಾಲ್ಕು ಮೂಲಕ್ರಿಯೆಗಳಿಗಿರುವ ಕಟ್ಟುನಿಟ್ಟು ತ್ರಿಕೋನಮಿತಿ ಮತ್ತು ಘಾತದ ಲೆಕ್ಕಕ್ಕಿಲ್ಲ. ಜಾವಾಸ್ಕ್ರಿಪ್ಟಿನ ಮಾನಕವೇ ಇವನ್ನು ಆಯಾ ಬ್ರೌಸರಿನ ಅಂದಾಜಿಗೆ ಬಿಟ್ಟಿದೆ. ಆದ್ದರಿಂದ ಕೊನೆಯ ಅಂಕಿ ಬ್ರೌಸರಿನಿಂದ ಬ್ರೌಸರಿಗೆ, ಬ್ರೌಸರಿನಿಂದ ಸರ್ವರಿಗೆ ಬೇರೆಯಾಗಬಹುದು. ಐದು ಕಿಲೋಮೀಟರಿನೊಳಗಿನ ಶಾಖೆಗಳನ್ನು ತೋರಿಸು ಎಂದಾಗ ಸರಿಯಾಗಿ ಗಡಿಯ ಮೇಲಿರುವ ಶಾಖೆ ಒಂದು ಕಡೆ ಕಂಡು ಇನ್ನೊಂದು ಕಡೆ ಮಾಯವಾಗಲು ಇದು ಸಾಕು. ಚಕ್ರಬಡ್ಡಿಯನ್ನು ಘಾತದ ಸೂತ್ರದಿಂದ ಲೆಕ್ಕ ಹಾಕುವವರೂ ಗಮನಿಸಬೇಕು.

9. ಯಂತ್ರದ ಒಳಗೆ

ಹಳೆಯ ಇಂಟೆಲ್ ಪದ್ಧತಿಯ ಗಣಿತ ಘಟಕ ಒಳಗೊಳಗೆ 80 ಬಿಟ್ಟಿನಲ್ಲಿ ಲೆಕ್ಕ ಮಾಡಿ ಕೊನೆಗೆ 64ಕ್ಕೆ ಇಳಿಸುತ್ತಿತ್ತು. ಎರಡು ಸಲ ರೌಂಡ್ ಆಗುವುದರಿಂದ ಉತ್ತರ ಬೇರೆಯಾಗುತ್ತಿತ್ತು. 2011ರ ಜನವರಿಯಲ್ಲಿ ಇದರ ಒಂದು ವಿಚಿತ್ರ ಫಲ ಬೆಳಕಿಗೆ ಬಂತು. 2.2250738585072011 ಅನ್ನು ಹತ್ತರ ಮೈನಸ್ 308ನೇ ಘಾತದಿಂದ ಗುಣಿಸಿದ ಒಂದು ಸಂಖ್ಯೆಯನ್ನು ಓದಲು ಹೋದ 32 ಬಿಟ್ಟಿನ ಪಿಎಚ್‌ಪಿ ಮುಗಿಯದ ಸುತ್ತಿನಲ್ಲಿ ಸಿಕ್ಕಿಬೀಳುತ್ತಿತ್ತು. ಬ್ರೌಸರಿನಿಂದ ಯಾರೋ ಒಂದು ಸಂಖ್ಯೆ ಟೈಪ್ ಮಾಡಿ ಸರ್ವರನ್ನೇ ನಿಲ್ಲಿಸಬಹುದಿತ್ತು. ಕೂಡಲೇ ಅದನ್ನು ಸರಿಪಡಿಸಿದರು.

ಇಂದಿನ ಯಂತ್ರಗಳಲ್ಲಿ ಗುಣಿಸಿ ಕೂಡುವುದನ್ನು ಒಂದೇ ಹೆಜ್ಜೆಯಲ್ಲಿ, ಒಂದೇ ಸಲ ರೌಂಡ್ ಮಾಡಿ ಮುಗಿಸುವ ಸೌಲಭ್ಯವಿದೆ. ಗೋ ಭಾಷೆ ಇದನ್ನು ಬಳಸಲು ಅನುಮತಿ ಕೊಡುತ್ತದೆ. ಹಾಗಾಗಿ ಒಂದೇ ಗೋ ಕೋಡ್ ಇಂಟೆಲ್ ಪದ್ಧತಿಯ ಸರ್ವರಿನಲ್ಲಿ ಒಂದು ಉತ್ತರ, ಆರ್ಮ್ ಪದ್ಧತಿಯ ಸರ್ವರಿನಲ್ಲಿ ಇನ್ನೊಂದು ಉತ್ತರ ಕೊಡಬಹುದು. ಜಾವಾದಲ್ಲಿ 2021ರ 17ನೇ ಆವೃತ್ತಿಯಿಂದ ಎಲ್ಲ ಲೆಕ್ಕವೂ ಮತ್ತೆ ಕಟ್ಟುನಿಟ್ಟಾಗಿದೆ.

10. ಅಂಕಿಗಳ ಲಿಪಿ ಮತ್ತು ಅಲ್ಪವಿರಾಮ

ಇದು ಫ್ಲೋಟಿಂಗ್ ಪಾಯಿಂಟಿನ ದೋಷವಲ್ಲ. ಆದರೆ ಗಡಿನಾಡಿನ ನಮಗೆ ಹೆಚ್ಚು ಎದುರಾಗುವಂಥದ್ದು. ಜಾವಾಸ್ಕ್ರಿಪ್ಟಿಗೆ ‘೧೨’ ಎಂದು ಕನ್ನಡ ಅಂಕಿಯ ಪಠ್ಯ ಕೊಟ್ಟು ಸಂಖ್ಯೆ ಮಾಡು ಎಂದರೆ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಪೈಥಾನ್ ಅದನ್ನು 12 ಎಂದು ಸರಿಯಾಗಿ ಓದುತ್ತದೆ. ಪಿಎಚ್‌ಪಿಯ ಇಂಟ್ ಅದನ್ನು ಸೊನ್ನೆ ಮಾಡುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಸದಸ್ಯರಲ್ಲಿ ಮೊಬೈಲನ್ನು ಮರಾಠಿಯಲ್ಲಿ ಇಟ್ಟುಕೊಂಡವರಿರುತ್ತಾರೆ. ಭಾಷೆ ಹೇಳದೆ ಟುಲೊಕೇಲ್‌ಸ್ಟ್ರಿಂಗ್ ಬಳಸಿ ಮೊತ್ತ ತೋರಿಸಿದರೆ ಅವರ ಪರದೆಯಲ್ಲಿ ದೇವನಾಗರಿ ಅಂಕಿಗಳು ಬರುತ್ತವೆ. ಕಾಣಲು ಚೆನ್ನ. ಆದರೆ ಆ ಪಠ್ಯವನ್ನೇ ಮತ್ತೆ ಲೆಕ್ಕಕ್ಕೆ ತೆಗೆದುಕೊಂಡರೆ ಲೆಕ್ಕ ಮುರಿಯುತ್ತದೆ. ಅದೇ ಪುಟ ಕನ್ನಡ ಅಥವಾ ಇಂಗ್ಲಿಷಿನಲ್ಲಿಟ್ಟ ಮೊಬೈಲಿನಲ್ಲಿ ಸರಿಯಾಗಿ ನಡೆಯುವುದರಿಂದ ದೂರು ಕೇಳಿದವರಿಗೆ ಕಾರಣ ಹೊಳೆಯುವುದಿಲ್ಲ.

ಅಲ್ಪವಿರಾಮವೂ ಹಾಗೆಯೇ. ಅಕ್ಷರ ಬರೆಯುವ ಸಾದಾ ಪೆಟ್ಟಿಗೆಯಲ್ಲಿ ದಾನಿಗಳು 1,250.50 ಎಂದು ಬರೆದದ್ದನ್ನು ಪಾರ್ಸ್‌ಫ್ಲೋಟ್ ಓದಿದರೆ ಅಲ್ಪವಿರಾಮದ ಬಳಿ ನಿಂತು 1 ಎನ್ನುತ್ತದೆ. ಸಾವಿರದ ಇನ್ನೂರೈವತ್ತು ರೂಪಾಯಿಯ ದೇಣಿಗೆ ಒಂದು ರೂಪಾಯಿ ಆಗುತ್ತದೆ.

ಸಣ್ಣ ವ್ಯತ್ಯಾಸದ ದೊಡ್ಡ ಪಾಠ

1991ರ ಫೆಬ್ರವರಿ 25ರಂದು ಕೊಲ್ಲಿ ಯುದ್ಧದ ಸಮಯದಲ್ಲಿ ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಬರುತ್ತಿದ್ದ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸುತ್ತಿತ್ತು. 0.1 ಅನ್ನು 24 ಬಿಟ್ಟಿನಲ್ಲಿ ಇಟ್ಟಿದ್ದರಿಂದ 100 ಗಂಟೆ ಸತತ ನಡೆದ ಮೇಲೆ ಸುಮಾರು 0.34 ಸೆಕೆಂಡಿನ ತಪ್ಪು ಸೇರಿತ್ತು. ಗಮನಿಸಬೇಕಾದ ಅಂಶವೆಂದರೆ, ತಂತ್ರಾಂಶದ ಕೆಲವು ಕಡೆ ಕಾಲ ಪರಿವರ್ತನೆಯ ಸುಧಾರಿತ ಕ್ರಮ ಹಾಕಿದ್ದರು, ಕೆಲವು ಕಡೆ ಹಳೆಯದೇ ಉಳಿದಿತ್ತು. ಎಲ್ಲ ಕಡೆ ಒಂದೇ ತಪ್ಪು ಇದ್ದಿದ್ದರೆ ಕಳೆಯುವಾಗ ಬಹುಪಾಲು ವಜಾ ಆಗುತ್ತಿತ್ತು. ಎರಡು ಕಡೆ ಎರಡು ಲೆಕ್ಕ ಇದ್ದದ್ದೇ ಅಪಾಯವಾಯಿತು. ನಮ್ಮ ಟಿಕೆಟ್ ಲೆಕ್ಕದಲ್ಲಿ ಪ್ರಾಣದ ಪ್ರಶ್ನೆಯಿಲ್ಲ, ಆದರೆ ಪಾಠ ಅದೇ.

ಏನು ಮಾಡಬೇಕು?

ಹಣವನ್ನು ಪೈಸೆಯಲ್ಲಿ ಇಡಿ. ₹19.99 ಎಂಬುದನ್ನು ಎರಡೂ ಕಡೆ, ಡೇಟಾಬೇಸಿನಲ್ಲೂ, 1999 ಎಂಬ ಪೂರ್ಣಾಂಕವಾಗಿ ಇಟ್ಟುಕೊಳ್ಳಿ. ಪರದೆಯ ಮೇಲೆ ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ಪೂರ್ಣಾಂಕಗಳ ಕೂಡುವಿಕೆಯಲ್ಲಿ ತಪ್ಪಿಲ್ಲ. ಜಾವಾಸ್ಕ್ರಿಪ್ಟಿನ ಮಿತಿ ಪೈಸೆಯ ಲೆಕ್ಕದಲ್ಲಿ 90 ಲಕ್ಷ ಕೋಟಿ ರೂಪಾಯಿ. ಯಾವ ಸಂಘಕ್ಕೂ ಸಾಕು!

ಬರೆದ ಬೆಲೆಯನ್ನು ಗುಣಿಸಬೇಡಿ. ಬಳಕೆದಾರರು ಟೈಪ್ ಮಾಡಿದ 19.99 ಅನ್ನು ಪೈಸೆಗೆ ತರುವಾಗ ನೂರರಿಂದ ಗುಣಿಸುವ ಬದಲು, ಬಿಂದುವಿನ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಪಠ್ಯವಾಗಿ ಬೇರ್ಪಡಿಸಿ. ಬಿಂದುವಿನ ನಂತರ ಎರಡು ಅಂಕಿ ಇಲ್ಲದಿದ್ದರೆ ಸೊನ್ನೆ ತುಂಬಿಸಿ, ಹೆಚ್ಚಿದ್ದರೆ ಒಪ್ಪಬೇಡಿ. ಅದಕ್ಕೂ ಮೊದಲು ಅಲ್ಪವಿರಾಮ ತೆಗೆದು, ಕನ್ನಡ, ದೇವನಾಗರಿ ಮುಂತಾದ ಅಂಕಿಗಳನ್ನು ಸಾಮಾನ್ಯ ಅಂಕಿಗಳಿಗೆ ಬದಲಿಸಿ.

ಸರ್ವರಿನಲ್ಲಿ ದಶಮಾಂಶ ಪ್ರಕಾರ ಬಳಸಿ. ಪೈಸೆ ಬೇಡವೆಂದಾದರೆ ಪೈಥಾನಿನ ಡೆಸಿಮಲ್, ಜಾವಾದ ಬಿಗ್‌ಡೆಸಿಮಲ್, ಸಿ ಶಾರ್ಪಿನ ಡೆಸಿಮಲ್, ಡೇಟಾಬೇಸಿನ ಡೆಸಿಮಲ್ ಅಥವಾ ನ್ಯೂಮರಿಕ್ ಇವೆ. ಆಗ ಜೇಸನ್ ಮೂಲಕ ಮೊತ್ತವನ್ನು ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿಯೇ ಕಳಿಸಿ. ನಡುವೆ ಒಮ್ಮೆ ಡಬಲ್ ಆದರೂ ಪ್ರಯೋಜನವಿಲ್ಲ.

ರೌಂಡ್ ಮಾಡುವ ನಿಯಮವನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಎಷ್ಟು ಸ್ಥಾನಕ್ಕೆ, ಅರ್ಧ ಬಂದರೆ ಎತ್ತ, ಪ್ರತಿ ಸಾಲಿಗೋ ಒಟ್ಟು ಮೊತ್ತಕ್ಕೋ ಎಂಬುದು ಸ್ಪಷ್ಟವಿರಲಿ. ₹50ರ ಮೂರು ಕೂಪನ್‌ಗಳ ತೆರಿಗೆಯನ್ನು ಒಂದೊಂದಾಗಿ ರೂಪಾಯಿಗೆ ತಂದರೆ 3, 3, 3 ಸೇರಿ ₹9. ಒಟ್ಟು ₹7.50 ಅನ್ನು ತಂದರೆ ₹8. ಇಲ್ಲಿ ಗಣಕದ ತಪ್ಪು ಒಂದಿಷ್ಟೂ ಇಲ್ಲ, ನಿಯಮ ಬರೆಯದವರ ತಪ್ಪು. ಲೆಕ್ಕಪರಿಶೋಧಕರನ್ನು ಕೇಳಿ ಬರೆದಿಟ್ಟರೆ ಒಳ್ಳೆಯದು.

ಸೂತ್ರ ಪೂರ್ಣಾಂಕದಲ್ಲಿರಲಿ. ಪೈಸೆಯ ಮೊತ್ತವನ್ನು ಶೇಕಡ ದರದಿಂದ ಗುಣಿಸಿ, 50 ಕೂಡಿ, 100ರಿಂದ ಭಾಗಿಸಿ, ಶೇಷ ಬಿಟ್ಟುಬಿಡಿ. 5000 ಪೈಸೆಗೆ ಶೇಕಡ 5 ಎಂದರೆ 25000, ಅದಕ್ಕೆ 50 ಕೂಡಿ 25050, ಭಾಗಿಸಿದರೆ 250 ಪೈಸೆ. ರೂಪಾಯಿಗೆ ತರಲು ಮತ್ತೆ 50 ಕೂಡಿ 100ರಿಂದ ಭಾಗಿಸಿದರೆ 3. ಎಲ್ಲ ಭಾಷೆಯಲ್ಲೂ ಇದೇ ಉತ್ತರ. ವಾಪಸಾತಿ ಇದ್ದರೆ ಮೊದಲು ಧನ ಸಂಖ್ಯೆಯಲ್ಲಿ ಲೆಕ್ಕ ಮಾಡಿ ಕೊನೆಗೆ ಮೈನಸ್ ಹಾಕಿ.

ಸರ್ವರಿನ ಮಾತೇ ಕೊನೆ. ಬ್ರೌಸರಿನ ಮೊತ್ತ ಅಂದಾಜು ಎಂದು ತಿಳಿಯಿರಿ. ಪಾವತಿಗೆ ಮೊದಲು ಸರ್ವರ್ ಲೆಕ್ಕ ಹಾಕಿದ ಮೊತ್ತವನ್ನು ತರಿಸಿ ಅದನ್ನೇ ಪರದೆಯಲ್ಲಿ ತೋರಿಸಿ, ಅದನ್ನೇ ರಸೀದಿಯಲ್ಲಿ ಅಚ್ಚು ಮಾಡಿ. ಎರಡು ಮೊತ್ತ ತಾಳೆಯಾಗದಿದ್ದರೆ ಸದ್ದಿಲ್ಲದೆ ತಿರಸ್ಕರಿಸಬೇಡಿ. ಹೊಸ ಮೊತ್ತ ತೋರಿಸಿ ಒಪ್ಪಿಗೆ ಕೇಳಿ, ವ್ಯತ್ಯಾಸವನ್ನು ದಾಖಲಿಸಿ.

ಗುರುತು ಸಂಖ್ಯೆಗಳು ಪಠ್ಯವಾಗಿರಲಿ. ರಸೀದಿ, ಸದಸ್ಯತ್ವ, ದೂರವಾಣಿ ಸಂಖ್ಯೆಗಳನ್ನು ನಾವು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅವು ಸಂಖ್ಯೆಗಳಾಗಿರಬೇಕಾದ ಅಗತ್ಯವಿಲ್ಲ.

ಅಳತೆಯಲ್ಲಿ ಸಮ ಎಂದು ಕೇಳಬೇಡಿ. ದೂರ, ಅಕ್ಷಾಂಶ, ಸರಾಸರಿ ಮುಂತಾದ ಕಡೆ ಫ್ಲೋಟಿಂಗ್ ಪಾಯಿಂಟ್ ಬಳಸುವುದೇ ಸರಿ. ಅಲ್ಲಿ ಎರಡು ಉತ್ತರ ಸಮವೇ ಎಂದು ಕೇಳದೆ, ಅವುಗಳ ಅಂತರ ಒಪ್ಪಬಹುದಾದಷ್ಟು ಸಣ್ಣದೇ ಎಂದು ನೋಡಿ. ಹಣಕ್ಕೆ ಮಾತ್ರ ಈ ಸಡಿಲಿಕೆ ಕೊಡಬೇಡಿ.

ಪರೀಕ್ಷೆಗೆ ಒಂದು ಪಟ್ಟಿ

ಹೊಸ ಪುಟ ತೆರೆಯುವ ಮೊದಲು ಈ ಕೆಳಗಿನವನ್ನು ಬ್ರೌಸರ್ ಮತ್ತು ಸರ್ವರ್ ಎರಡರಲ್ಲೂ ನಡೆಸಿ, ಉತ್ತರ ಒಂದೇ ಬರುವುದೇ ನೋಡಿ.

• ₹19.99 ಮತ್ತು ₹4.35 ಅನ್ನು ಪೈಸೆಗೆ ತರುವುದು: 1999 ಮತ್ತು 435 ಬರಬೇಕು.
• ₹50, ₹70, ₹90ಕ್ಕೆ ಶೇಕಡ 5 ತೆರಿಗೆ, ರೂಪಾಯಿಗೆ: 3, 4, 5 ಬರಬೇಕು.
• ₹50ರ ಮೂರು ಕೂಪನ್: ನೀವು ಬರೆದುಕೊಂಡ ನಿಯಮದಂತೆ 8 ಅಥವಾ 9, ಎರಡೂ ಕಡೆ ಒಂದೇ.
• 10 ಪೈಸೆ ಹತ್ತು ಸಲ: ಸರಿಯಾಗಿ ₹1.
• ₹2.50 ವಾಪಸಾತಿ: ತೆಗೆದುಕೊಂಡಷ್ಟೇ ಹಿಂದಿರುಗಬೇಕು.
• 9007199254740993 ಎಂಬ ಗುರುತು ಸಂಖ್ಯೆ: ಹೋದಂತೆಯೇ ಮರಳಬೇಕು.
• 1,250.50 ಎಂದು ಅಲ್ಪವಿರಾಮ ಹಾಕಿ, ಆಮೇಲೆ ೧೨೫೦.೫೦ ಎಂದು ಕನ್ನಡ ಅಂಕಿಯಲ್ಲಿ ಬರೆದ ದೇಣಿಗೆ: ಎರಡೂ 125050 ಪೈಸೆ.
• ಮೊಬೈಲಿನ ಭಾಷೆ ಮರಾಠಿ, ಮಲಯಾಳಂ, ತಮಿಳು, ತೆಲುಗು ಇಟ್ಟು ಇದೇ ಪರೀಕ್ಷೆ ಮತ್ತೊಮ್ಮೆ.

ಸರ್ವರಿನ ಭಾಷೆಯ ಆವೃತ್ತಿ ಬದಲಿಸಿದಾಗಲೆಲ್ಲ ಪಟ್ಟಿಯನ್ನು ಮತ್ತೆ ನಡೆಸಿ. ಹತ್ತು ನಿಮಿಷದ ಕೆಲಸ.

ನಮ್ಮಲ್ಲಿ ಹಿಂದಿನಿಂದಲೂ ಸಂಘದ ಲೆಕ್ಕವನ್ನು ಇಬ್ಬರು ಬರೆದು ತಾಳೆ ನೋಡುವ ಪದ್ಧತಿಯಿದೆ. ತಾಳೆಯಾಗಬೇಕಾದರೆ ಇಬ್ಬರೂ ಒಂದೇ ಅಳತೆ ಹಿಡಿದಿರಬೇಕು. ಬ್ರೌಸರ್ ಮತ್ತು ಸರ್ವರಿಗೂ ಬೇಕಾದದ್ದು ಅಷ್ಟೇ. ನಿಮ್ಮ ಊರಿನ ಶಾಖೆಯ ಪುಟವನ್ನು ನೋಡಿಕೊಳ್ಳುವವರಿಗೆ ಈ ಲೇಖನವನ್ನು ದಯವಿಟ್ಟು ತಲುಪಿಸಿ. ಪಟ್ಟಿಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಲೆಕ್ಕದ ಪುಸ್ತಕದ ಜೊತೆಗೇ ಇಟ್ಟುಕೊಂಡರೆ ಮುಂದೆ ಬರುವ ಕೋಶಾಧಿಕಾರಿಗಳಿಗೂ ಅನುಕೂಲ.